ಹುಳದ ಮನೆಯ ಕಂಪ್ಯೂಟರ್

ಇವತ್ತು ಬೆಳಿಗ್ಗೆ ಮಗಳ ಕಂಪ್ಯೂಟರ್ ಕಾದು ತಾನಾಗಿಯೇ ಆಫ್ ಆಯಿತು. ಸಿಪಿಯು ಡಬ್ಬ ಬಿಚ್ಚಿದಾಗ ಬಂದ ಬಿಸಿ ಧೂಳಿನ ವಾಸನೆಗೆ ನಾನು ಮತ್ತೆ ಬಾಲ್ಯದ ದಿನಗಳಿಗೆ ಹೋಗಿ, ನಮ್ಮೂರು ಕೂಟಗಲ್ಲಿನ ರೇಷ್ಮೆ ಹುಳದ ಮನೆಯಲ್ಲಿದ್ದೆ.

ಅಪ್ಪ ಯಾರಿಂದಲೋ ತಂದ ಹಳೇ ಕಂಪ್ಯೂಟರನ್ನು ಅಲ್ಲಿಟ್ಟಿದ್ದರು, ಸರಿಯಾದ ಪ್ಲಗ್ ಇದ್ದದ್ದು ಅಲ್ಲೊಂದೇ. ಹುಳಗಳಿಗೆ ಚಳಿಯಾಗದಿರಲಿ ಎಂದು ಕಿಟಕಿಗೆ ಗೋಣಿಚೀಲ ಕಟ್ಟಿ, ಮೂಲೆಯಲ್ಲಿ ಇದ್ದಿಲ ಒಲೆ ಇಡುತ್ತಿದ್ದೆವು. ರೋಗ ತಗುಲದಿರಲಿ ಎಂದು ಅಜ್ಜಿ ಹುಳ ಸಾಕುವ ತಟ್ಟೆಗಳ ಮೇಲೆಲ್ಲ ಸುಣ್ಣದ ಪುಡಿ ಉದುರಿಸುತ್ತಿದ್ದಳು. ನಾನು ಚಿತ್ರ ಬಿಡಿಸಲು ಕೂತರೆ ಹತ್ತೇ ನಿಮಿಷಕ್ಕೆ ಪರದೆ ಕಪ್ಪಾಗುತ್ತಿತ್ತು.

"ಕೆಟ್ಟೋಗೈತೆ. ನಾಳೆ ವಾಪಸ್ ಕೊಟ್ಬುಡ್ತೀನಿ" ಎಂದರು ಅಪ್ಪ. ನಾನು ಗೊಳೋ ಎಂದು ಅತ್ತೆ.

ಅಜ್ಜಿ ಬಂದು, ಹುಳದ ತಟ್ಟೆಯ ಬಿಸಿ ನೋಡುವ ಹಾಗೆ ಡಬ್ಬದ ಮೇಲೆ ಅಂಗೈ ಇಟ್ಟಳು. ಹಿಂದಿನ ಜಾಲರಿಯನ್ನು ಬಗ್ಗಿ ನೋಡಿದಳು. "ಮೂಗಿನ ತುಂಬಾ ಸುಣ್ಣ ಕಣ್ಲಾ. ಉಸ್ರಾಡೋದೆಂಗೆ? ಒಸಿ ಬಿಚ್ಚು."

"ಸುಣ್ಣ ಹಾಕ್ದೋಳು ನೀನೇ ಅಲ್ವೇನವ್ವಾ?" ಎಂದರು ಅಪ್ಪ.

"ಹುಳ ಸಾಯ್ಲಿ ಅಂತೀಯಾ? ಇದನ್ಯಾರು ಇಲ್ಲಿಡು ಅಂದೋರು?"

ಅಪ್ಪ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದರು. ಅಜ್ಜಿ ಮರಿಹುಳಗಳನ್ನು ನೋಯದಂತೆ ಸರಿಸಲು ಇಟ್ಟುಕೊಂಡಿದ್ದ ಕೋಳಿಗರಿ ತಂದು, ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಸವರಿದಳು. ಬಿಳಿ ಪುಡಿ ಅವಳ ಮಡಿಲು ತುಂಬಿತು. ಆಮೇಲೆ ಉದ್ದದ ವೈರು ಎಳೆದು ಡಬ್ಬವನ್ನು ಜಗಲಿಯ ಗಾಳಿಗೆ ತಂದಿಟ್ಟರು. ಅವತ್ತು ನಾನು ಬಿಡಿಸಿದ ನವಿಲಿಗೆ ಬಾಲವೂ ಪೂರ್ತಿಯಾಯಿತು.

ಮಗಳು ಈಗ ಫೋನಿನಲ್ಲಿ ಕ್ಲೀನಿಂಗ್ ಬ್ರಶ್ ಹುಡುಕುತ್ತಿದ್ದಾಳೆ. ನಾನು ಪಕ್ಕದ ಮನೆಯ ಕೋಳಿಗೂಡಿನ ಕಡೆ ಹೊರಟಿದ್ದೇನೆ.