ಎಡೆಗೆ ಇಡಬೇಕಿದ್ದ ಗಿಟಾರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾವನ ಅಂಗಡಿಯಲ್ಲಿ ಅಂದು ಮೊದಲು ಕೊರೆದದ್ದು ಎಡಗಡೆಯ ತೂತೋ ಬಲಗಡೆಯದೋ ನನಗೆ ಖಚಿತವಿಲ್ಲ. ಮಳೆ ಬಂದಿತ್ತು ಎಂದು ನನ್ನ ನೆನಪು. ಬರಲೇ ಇಲ್ಲ ಎನ್ನುತ್ತಾಳೆ ಅಮ್ಮ, ಅವಳು ಅಲ್ಲಿರಲಿಲ್ಲ. ದಿನವೂ ಒಂದಿಷ್ಟು ಬರೆದಿಡುವ ಅಭ್ಯಾಸ ಕಾಲೇಜಿನ ಕಾಲದಿಂದ ಇದ್ದರೂ ಆ ವಾರ ನಾನು ಏನನ್ನೂ ಬರೆದಿಲ್ಲ. ಈಗ ನೆನಪನ್ನೇ ನಂಬಬೇಕು, ಅದು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ ಎಂದು ಗೊತ್ತಿದ್ದೂ.

ಗಿಟಾರು ನನ್ನ ತಮ್ಮನದು. ಕೊಂಡದ್ದಲ್ಲ, ಅವನೇ ಮಾಡಿದ್ದು. ನಮ್ಮ ಮನೆ ಚಾಮರಾಜನಗರದಲ್ಲಿ, ಅವನಿಗೆ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ರಜೆ ಸಿಕ್ಕಿದ ದಿನ ಬಸ್ಸು ಹಿಡಿದು ಗುಂಡ್ಲುಪೇಟೆಗೆ, ನಮ್ಮ ಸೋದರಮಾವನ ಮರಗೆಲಸದ ಅಂಗಡಿಗೆ ಹೋಗುತ್ತಿದ್ದ. ಮಾವ ಬಾಗಿಲು, ಕಿಟಕಿ ಮಾಡುವವರು. ವಯನಾಡಿನ ಕಡೆಯಿಂದ ಬಂದ ಹಲಸಿನ ಹಲಗೆಯೊಂದು ಬಾಗಿಲಿಗೆ ಸಾಲದೆ ಮೂಲೆಯಲ್ಲಿ ನಿಂತಿತ್ತು. ಅದೇ ಗಿಟಾರಾಯಿತು. ಎಲೆಕ್ಟ್ರಿಕ್ ಗಿಟಾರುಗಳ ಮುಖ ಹೆಚ್ಚಾಗಿ ಚಪ್ಪಟೆ. ಇವನಿಗೆ ಮಾತ್ರ ಪಿಟೀಲಿನ ಹಾಗೆ ನಡುವೆ ಉಬ್ಬಿ ಅಂಚಿಗೆ ಇಳಿಯುವ ಮುಖವೇ ಬೇಕಿತ್ತು. ಉಳಿಯಲ್ಲಿ ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ ಇಡೀ ಬೇಸಿಗೆ ಕಳೆದ. ಮನೆಗೆ ಬಂದಾಗ ಹುಬ್ಬಿನ ಮೇಲೆ ಹಲಸಿನ ಹಳದಿ ಪುಡಿ ಇರುತ್ತಿತ್ತು.

ಅವನಿಗೆ ಲಾಕಿಂಗ್ ಟ್ರೆಮೊಲೊದ ಹುಚ್ಚು ಯಾವಾಗ ಹಿಡಿಯಿತೋ ತಿಳಿಯದು. ತಂತಿಗಳ ಬುಡವನ್ನು ಕಚ್ಚಿ ಹಿಡಿಯುವ ಒಂದು ಲೋಹದ ತಗಡು ಅದು. ಎರಡು ಗೂಟಗಳಿಗೆ ಆತು ನಿಂತಿರುತ್ತದೆ. ಅದರ ಹಿಡಿಯನ್ನು ಒತ್ತಿದರೆ ತಂತಿಗಳು ಸಡಿಲಗೊಂಡು ಸ್ವರ ಜಾರುತ್ತದೆ, ಬಿಟ್ಟರೆ ಬೆನ್ನಿನಲ್ಲಿರುವ ಸ್ಪ್ರಿಂಗುಗಳು ಮೊದಲಿನ ಜಾಗಕ್ಕೇ ಎಳೆದು ತರುತ್ತವೆ. ಅದರ ವೀಡಿಯೊವನ್ನು ಅವನು ಮಾವನಿಗೆ ತೋರಿಸುತ್ತಿದ್ದ ದಿನ ನಾನೂ ಅಂಗಡಿಯಲ್ಲಿದ್ದೆ.

"ಅಲ್ಲ ಕಣ್ಲಾ, ಅಷ್ಟೊತ್ತು ಅದ್ರ ಕಿವಿ ತಿರುಪಿ ತಿರುಪಿ ಸುತಿ ಮಾಡ್ಕತೀಯ, ಆಮೇಲೆ ನೀನೇ ಅದ ಕೆಡಿಸ್ತೀಯ?" ಎಂದರು ಮಾವ.

"ಕೆಡದಿಲ್ಲ ಮಾವ, ವಾಪಸ್ ಬತ್ತದೆ. ಅದ್ಕೇ ಲಾಕು."

"ನಿನ್ ತಲೆಗೂ ಒಂದು ಆಕಿಸ್ಕೊ. ಅದೂ ವಾಪಸ್ ಬರ್ಲಿ."

ತಮ್ಮ ನಕ್ಕ. ಅದಾದ ಮೇಲೆ ಇನ್ನೊಂದು ಮಾತನ್ನೂ ಹೇಳಿದ ಎಂದು ನನಗನ್ನಿಸುತ್ತದೆ. ಇದನ್ನು ಕೂರಿಸಲು ಹೊಟ್ಟೆಯನ್ನು ಬೆನ್ನಿನವರೆಗೂ ಕೊರೆಯಬೇಕು, ಕೆತ್ತಿದ ಉಬ್ಬನ್ನೂ ಕೆರೆಯಬೇಕು, ಅದರ ಬದಲು ಇದಕ್ಕೆಂದೇ ಚಪ್ಪಟೆ ಮುಖದ ಇನ್ನೊಂದು ಗಿಟಾರು ಮಾಡಿದರಾಯಿತು ಎಂದು. ಇದು ಅವನ ಬಾಯಿಂದಲೇ ಬಂದ ಮಾತೋ, ಮುಂದೆ ನಡೆದದ್ದನ್ನು ಕಂಡು ನಾನೇ ಅವನ ಬಾಯಿಗೆ ಇಟ್ಟ ಮಾತೋ, ಹೇಳಲಾರೆ.

ಜ್ವರವೆಂದು ಮಲಗಿದವನು ಮೈಸೂರಿನ ಆಸ್ಪತ್ರೆಯಿಂದ ಮರಳಲಿಲ್ಲ. ಅವನ ಕಾರ್ಯವೆಲ್ಲ ಮುಗಿದ ಮೇಲೆ ಅವನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಟ್ರೆಮೊಲೊ.

ನಮ್ಮಲ್ಲಿ ಪಿತೃಪಕ್ಷಕ್ಕೆ ಸತ್ತವರ ಫೋಟೊದ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತೇವೆ. ಹೊಸ ಬಟ್ಟೆ, ಬಾಡೂಟ, ಸೇದುತ್ತಿದ್ದವರಿಗೆ ಬೀಡಿ. ಗಿಟಾರನ್ನೂ ಇಡಬೇಕೆಂದಳು ಅಮ್ಮ. ಅರ್ಧಕ್ಕೆ ನಿಂತದ್ದು ಅವಳಿಗೆ ಬೇಡ. ಮಾವನಿಗೆ ಫೋನ್ ಮಾಡಿ, "ಅಂವ ತರಿಸಿದ್ದ ಸಾಮಾನ ಸೇರಿಸ್ಬುಟ್ಟು ಕೊಡು. ಬೇಯದ ಅನ್ನವ ಎಡೆಗೆ ಇಕ್ಕಾರಾ?" ಎಂದಳು.

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ತೆರಕಣಾಂಬಿಯಲ್ಲಿ ಇಳಿಯಲು ಎದ್ದ ಹೆಂಗಸು ಅದನ್ನು ಸರಿಸಲು ಹೋಗಿ, "ಏನಮ್ಮಿ ಇದು, ಪುಟ್ಟದಾಗಿದ್ರೂವೆ ಇಷ್ಟೊಂದು ಭಾರ?" ಎಂದಳು.

ಮಾವ ಗಿಟಾರಿಗೆ ಸುತ್ತಿದ್ದ ಹಳೆಯ ಪಂಚೆಯನ್ನು ಬಿಚ್ಚಿದರು. ಅಷ್ಟಾದರೂ ಧೂಳು ಕೂತಿತ್ತು. ಒದ್ದೆ ಬಟ್ಟೆಯಿಂದ, ಮಗುವಿನ ಮುಖ ಒರೆಸುವ ಹಾಗೆ ಒರೆಸಿದರು. ನೂಲು ಹಿಡಿದು ನಡುಗೆರೆ ಎಳೆದರು. ಪೆಟ್ಟಿಗೆಯೊಳಗಿನ ಚಿತ್ರ ನೋಡಿ ನಾನು ಹೇಳಿದ ಅಳತೆಗೆ ಗೂಟಗಳ ಜಾಗ ಗುರುತು ಮಾಡಿದರು. ತಗಡನ್ನು ಇಟ್ಟು ನೋಡಿದರೆ ಉಬ್ಬಿನ ಮೇಲೆ ಕೂರಲಿಲ್ಲ.

"ನಡು ಎತ್ರ ಅದೆ ಕಣಮ್ಮಿ. ಕೆರೀಬೇಕು."

"ಕೆರೀಲೇಬೇಕಾ?"

"ಇಲ್ದಿದ್ರೆ ಓಲಾಡ್ತದೆ."

ಉಳಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೆರೆದರು. ಬೇಸಿಗೆಯಿಡೀ ತಮ್ಮ ಜೋಪಾನ ಮಾಡಿದ್ದ ಉಬ್ಬು ಹಳದಿ ಸುರುಳಿಗಳಾಗಿ ಅವರ ಪಾದದ ಮೇಲೆ ಉದುರಿತು. ಬಾಗಿಲಿಗೆ ಹೂಬಳ್ಳಿ ಕೊರೆಯುವ ಮೆಷೀನಿನಲ್ಲಿ ಹೊಟ್ಟೆ ಕೊರೆದರು. ಗೂಟಗಳಿಗೆ ತೂತು ಹಾಕುವಾಗ ಅವರ ಕೈ ಹಳೆಯ ಅಭ್ಯಾಸದಂತೆ ನಡೆದುಕೊಂಡಿತು. ಮಳೆಗಾಲಕ್ಕೆ ಮರ ಉಬ್ಬಿದರೆ ಬಾಗಿಲು ಹಿಡಿಯುತ್ತದೆ ಎಂದು ಮಾವ ಏನು ಮಾಡಿದರೂ ಕೂದಲೆಳೆಯಷ್ಟು ಸಡಿಲ ಬಿಡುತ್ತಾರೆ. ಇದಕ್ಕೂ ಬಿಟ್ಟರು.

ತಂತಿ ಏರಿಸಿ ಬಿಗಿದ ಮೇಲೆ ನಾನೇ ಹಿಡಿಯನ್ನು ಒತ್ತಿದೆ. ಸ್ವರ ಜಾರಿತು. ಬಿಟ್ಟಾಗ ಮೇಲೆ ಬಂತು, ಆದರೆ ಹೊರಟ ಜಾಗಕ್ಕೆ ಬರಲಿಲ್ಲ. ತಂತಿಗಳ ಎಳೆತಕ್ಕೆ ಗೂಟಗಳು ಗಿಟಾರಿನ ಕತ್ತಿನ ಕಡೆಗೆ ವಾಲಿದ್ದವು.

"ಅಷ್ಟೇ ತಾನೆ, ಬುಡು," ಎಂದರು ಮಾವ. ಬಾಗಿಲಿನ ತಿರುಪು ಸಡಿಲವಾದರೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ತಂತಿ ಇಳಿಸಿ, ಬಿದಿರಿನ ಸೀಳಿಗೆ ಅಂಟು ಬಳಿದು ಗೂಟದ ಪಕ್ಕಕ್ಕೆ ಬಡಿದರು. ದಪ್ಪನೆಯ ಬಾಗಿಲುವಾಡವಾಗಿದ್ದರೆ ತಡೆಯುತ್ತಿತ್ತು. ಇಲ್ಲಿ ಗೂಟಕ್ಕೂ ಕೊರೆದ ಜಾಗಕ್ಕೂ ನಡುವೆ ಉಳಿದದ್ದು ಬೆರಳಗಲದ ಮರ. ಒಣಸೌದೆ ಮುರಿದಷ್ಟೇ ಸದ್ದಾಯಿತು. ಬಿರುಕು ಮರದ ಎಳೆಗುಂಟ ಕತ್ತಿನವರೆಗೂ ಓಡಿತು.

ಮಾವ ಸುತ್ತಿಗೆ ಕೆಳಗಿಟ್ಟು, ರಕ್ತ ನಿಲ್ಲಿಸುವವರ ಹಾಗೆ ಆ ಬಿರುಕಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು.

"ಮಾಡ್ಬುಟ್ನಲ್ಲಮ್ಮಿ," ಎಂದರು.

ಎಡೆಯಲ್ಲಿ ಗಿಟಾರು ಇರಲಿಲ್ಲ. ಅಂಟು ಹಾಕಿ ಬಿಗಿದಿಟ್ಟಿದ್ದೇನೆ ಎಂದು ಮಾವ ಹೇಳಿದಾಗ ಅಮ್ಮ, "ಮುಂದ್ಲೊರ್ಸಕ್ಕೆ ಆಯ್ತದೆ, ಉಣ್ಣು ನೀನು," ಎಂದಳು. ಫೋಟೊದ ಮುಂದೆ ಎಲೆಯ ಪಕ್ಕ ಗಿಟಾರಿಗೆಂದು ಸಾರಿಸಿದ್ದ ಜಾಗ ಹಾಗೇ ಉಳಿಯಿತು. ಅದನ್ನು ದಾಟಿ ನಡೆಯಲು ಯಾರಿಗೂ ಮನಸ್ಸಾಗಲಿಲ್ಲ, ಗೋಡೆಯ ಬದಿಯಿಂದ ಓಡಾಡಿದೆವು.

ಬಿರುಕಿಗಿಂತ ನನ್ನನ್ನು ಕಾಡುವುದು ಆ ಒದ್ದೆ ಬಟ್ಟೆ, ಅದು ಧೂಳಿನ ಜೊತೆ ಇನ್ನೇನನ್ನು ಅಳಿಸಿತೋ ಎಂದು. ಕೊರೆಯುವ ಜಾಗವನ್ನು ಪೆನ್ಸಿಲಿನಲ್ಲಿ ತಮ್ಮನೇ ಗುರುತು ಮಾಡಿಟ್ಟಿದ್ದರೆ, ನಾವು ಅವನ ಕೆಲಸವನ್ನು ಮುಗಿಸಲು ಹೋಗಿ ಎಡವಿದೆವು. ಗುರುತೇ ಇರದಿದ್ದರೆ, ಅವನು ಹಾಗೇ ಇರಲಿ ಎಂದು ಬಿಟ್ಟದ್ದನ್ನು ಒಡೆದೆವು. ಕೆಲವು ದಿನ ಆ ಹಳದಿ ಮುಖದ ಮೇಲೆ ಎರಡು ಸಣ್ಣ ಗುರುತುಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ. ನನಗೆ ಅವು ಅಷ್ಟೊಂದು ಬೇಕಾಗಿರುವುದರಿಂದಲೇ ನಂಬಲು ಭಯ.

ಒರೆಸಿದ್ದು ಮಾವ. ನೋಡಿದ್ದರೆ ಅವರೇ ನೋಡಿರಬೇಕು. ಎಡೆಯ ದಿನ ಊಟವಾದ ಮೇಲೆ ಹಿತ್ತಲಲ್ಲಿ ಅವರ ಕೈಗೆ ನೀರು ಹಾಕುತ್ತಾ ಕೇಳಿದೆ. ಕೈ ಸ್ವಚ್ಛವಾದ ಮೇಲೂ ಅವರು ತೊಳೆಯುತ್ತಲೇ ಇದ್ದರು, ನಾನು ಹಾಕುತ್ತಲೇ ಇದ್ದೆ, ಚೊಂಬು ಬರಿದಾಯಿತು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅಂದಿನಿಂದ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ, ಅದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟೇ:

"ಮಾವ, ನೀನು ಒರೆಸೋಕೆ ಮುಂಚೆ ಅಲ್ಲಿ ಅವನ ಗುರ್ತು ಇತ್ತಾ?"