ಬಣ್ಣ ತಿರುಗುವಾಗಿನ ವಾಸನೆ

ತಲೆಯ ಆಪರೇಷನ್ ಆಗಿ ವರ್ಷಗಳೇ ಕಳೆದರೂ ಮನೆಗೆ ಬಂದವರು ಮೊದಲು ನೋಡುವುದು ನನ್ನ ಹಣೆಯನ್ನೇ. ಕೂದಲಂಚಿನ ಗಾಯದ ಗೆರೆ ಮಾಸಿದೆ, ಮಾತು ನೆಟ್ಟಗಿದೆ, ನಡಿಗೆಯೂ ನೆಟ್ಟಗಿದೆ. ಅಷ್ಟು ನೋಡಿಕೊಂಡು, ಕಾಫಿ ಕುಡಿದು, ಏನೂ ಆಗೇ ಇಲ್ಲವಲ್ಲ ನಿಮಗೆ ಎಂದು ಎದ್ದು ಹೋಗುತ್ತಾರೆ. ಅದೇ ಕಾಫಿ ನನ್ನ ಬಾಯಿಗೆ ಬರೀ ಬಿಸಿ, ಬರೀ ಸಿಹಿ. ಇದನ್ನು ಯಾರಿಗೆ ಬಿಡಿಸಿ ಹೇಳುತ್ತಾ ಕೂರಲಿ?

ಗೆಡ್ಡೆ ಇದ್ದದ್ದು ಹಣೆಯ ಹಿಂದೆ, ಮೂಗಿನ ಮೇಲುಗಡೆ. ಮೈಸೂರಿನ ಡಾಕ್ಟರು ಪೂರ್ತಿ ತೆಗೆದರು, ಕ್ಯಾನ್ಸರ್ ಅಲ್ಲ ಎಂದರು. ವಾಸನೆ ಹಿಡಿಯುವ ನರ ಮಾತ್ರ ಅದರ ಜೊತೆಗೇ ಹೋಗಿದೆ, ಇನ್ನು ವಾಪಸು ಬರುವುದಿಲ್ಲ ಎಂದೂ ಹೇಳಿದರು. ಜೀವ ಉಳಿಯಿತಲ್ಲ, ಮೂಗಿನದೇನು ದೊಡ್ಡ ವಿಷಯ ಎಂದು ನೆಂಟರೆಲ್ಲ ಸಮಾಧಾನ ಮಾಡಿದರು. ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಾನು ಮೂಗಿನಿಂದಲೇ ಬದುಕಿದವನು.

ಮೈಸೂರು ಸೀಮೆಯ ಗುರುಪುರದ ಆಸುಪಾಸಿನ ನಮ್ಮೂರಲ್ಲಿ ಹೆಚ್ಚಿನವರದು ಹೊಗೆಸೊಪ್ಪಿನ ಬೇಸಾಯ. ಕಿತ್ತ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ಸಾಲಾಗಿ ನೇತುಹಾಕಿ, ಕೆಳಗಿಂದ ಬಿಸಿ ಕೊಟ್ಟು ಬೇಯಿಸುತ್ತೇವೆ. ಹಸಿರೆಲೆ ಹಳದಿಗೆ ತಿರುಗುವಾಗ ಒಂದು ವಾಸನೆ ಬರುತ್ತದೆ. ಅದು ಬಂದ ಮೇಲೆಯೇ ಬಿಸಿ ಏರಿಸಬೇಕು. ಆತುರಪಟ್ಟರೆ ಹಸಿರು ಎಲೆಯಲ್ಲೇ ಕೂತುಬಿಡುತ್ತದೆ, ತಡಮಾಡಿದರೆ ಎಲೆ ಕಪ್ಪಾಗುತ್ತದೆ. ಥರ್ಮಾಮೀಟರ್ ಇದ್ದರೂ ಊರಿನವರು ನನ್ನನ್ನೇ ಕರೆಯುತ್ತಿದ್ದರು. ಬಾಗಿಲು ಒಂದಿಷ್ಟು ತೆರೆದು, ಮೂಗೊಡ್ಡಿ, ಇನ್ನು ಸೌದೆ ಹಾಕಿ ಎಂದರೆ ಮುಗಿಯಿತು. ಆ ಜಂಬವೂ ನನಗೆ ಇತ್ತು ಅನ್ನಿ.

ಆಪರೇಷನ್ ಆದ ಮೇಲಿನ ಮೊದಲ ಬೆಳೆಗೆ ನಾನೇ ಹೋಗಿ ಬಾಗಿಲಲ್ಲಿ ನಿಂತೆ. ಮೂಗಿಗೆ ಬಿಸಿ ತಾಗಿತು, ಅಷ್ಟೇ. ಟಾರ್ಚ್ ಬಿಟ್ಟು ಕೆಳಗಿನ ಸಾಲಿನ ಬಣ್ಣ ನೋಡಿ, ಆಗಿದೆ, ಸೌದೆ ಹಾಕಿ ಎಂದೆ. ಇಳಿಸಿದಾಗ ಮೇಲಿನ ಸಾಲುಗಳೆಲ್ಲ ಹಸಿರು ಹಸಿರು. ಮುಂದಿನ ಸಲ ಹೆಂಡತಿ ತಾನೇ ಬಾಗಿಲಿಗೆ ಹೋದಳು. ಮದುವೆಯಾದ ಹೊಸದರಲ್ಲಿ ಆ ವಾಸನೆಯನ್ನು ಅವಳಿಗೆ ಕಲಿಸಿದವನು ನಾನು. ಈಗ ಅವಳ ಮೂಗೇ ಮನೆಗೆ ಅನ್ನ ಹಾಕುತ್ತಿದೆ. ಫಿಟ್ಸ್ ಬಂದೀತೆಂಬ ಭಯಕ್ಕೆ ನನ್ನನ್ನು ಬೆಂಕಿಯ ಹತ್ತಿರ ಬಿಡುವುದಿಲ್ಲ. ಮಾತ್ರೆ ನುಂಗಿ ಜಗುಲಿಯ ಮೇಲೆ ಕೂತು ಎಲೆ ಕಟ್ಟುತ್ತೇನೆ.

ಹಾಗೆ ಕೂತಾಗ ನನಗಿದ್ದ ಧೈರ್ಯ ಒಂದೇ. ಮೂಗು ಹೋದರೂ ವಾಸನೆಗಳ ನೆನಪು ತಲೆಯಲ್ಲಿದೆ, ಅದನ್ನು ಯಾವ ಡಾಕ್ಟರೂ ಕೊಯ್ದು ತೆಗೆದಿಲ್ಲ ಎಂದುಕೊಳ್ಳುತ್ತಿದ್ದೆ.

ಈ ಸಲ ಕೆ.ಆರ್. ನಗರಕ್ಕೆ ಕೊಟ್ಟ ಮಗಳು ಹೆರಿಗೆಗೆ ಬಂದಳು. ಹೆಣ್ಣು ಮಗು. ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಕೂಸನ್ನು ಹೊರಗೆ ತಂದರೆ ಸಾಕು, ಬಂದ ಹೆಂಗಸರೆಲ್ಲ ಅದರ ನೆತ್ತಿಗೆ ಮೂಗಿಟ್ಟು ಕಣ್ಣು ಮುಚ್ಚುತ್ತಾರೆ. ಒಂದು ಬೆಳಿಗ್ಗೆ, ಯಾರೂ ಇಲ್ಲವೆಂದುಕೊಂಡು ನಾನೂ ಮೂಗಿಟ್ಟೆ. ಬೆಚ್ಚಗಿತ್ತು, ಮೆತ್ತಗಿತ್ತು. ಬೇರೇನೂ ಇರಲಿಲ್ಲ. ಮೊಮ್ಮಗಳು ತೊಡೆಯ ಮೇಲಿದ್ದೂ ನನಗೆ ಪೂರ್ತಿ ಸಿಗಲಿಲ್ಲವಲ್ಲ ಎನಿಸಿ ಅಳು ಬಂದುಬಿಟ್ಟಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ಬಂದು ಪಕ್ಕದಲ್ಲಿ ಕೂತಳು. ಮಗುವಿನ ನೆತ್ತಿ ಮೂಸಿದಳು, ಏನೋ ಯೋಚಿಸಿದಳು, ಇನ್ನೊಮ್ಮೆ ಮೂಸಿದಳು.

“ಸೊಪ್ಪು ಬಣ್ಣ ತಿರುಗೋವಾಗ ಬತ್ತದಲ್ಲ, ಸಿಹಿ ಸಿಹಿಯಾಗಿ? ಅಂಗೇ ಐತೆ ಕಣ್ರೀ,” ಅಂದಳು. “ನೀವೇ ಅಲ್ವಾ ನಂಗೆ ತೋರಿಸ್ಕೊಟ್ಟಿದ್ದು.”

ನಾನು ಕಣ್ಣು ಮುಚ್ಚಿದೆ. ಬ್ಯಾರನ್ ಕಂಡಿತು. ಅರೆತೆರೆದ ಬಾಗಿಲು, ಅದರಾಚೆಯ ಹಳದಿ ಎಲೆ ಕಂಡಿತು. ಮುಖಕ್ಕೆ ಬಿಸಿ ಬಡಿಯುತ್ತಿದ್ದದ್ದೂ ನೆನಪಾಯಿತು. ವಾಸನೆ ಬರಲಿಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ. ಅದರ ನೆನಪೂ ಯಾವತ್ತು ಹೋಯಿತೋ, ನನಗೆ ತಿಳಿಯದ ಹಾಗೆ ಹೋಗಿಬಿಟ್ಟಿತ್ತು.

ಕಣ್ಣು ಬಿಟ್ಟಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಹ್ಞೂಂ ಕಣೇ,” ಅಂದೆ. “ಗೊತ್ತಾಯ್ತು.”