ಶಂಕ್ರವ್ವನ ಹಗೇವಿನ ದೀಪ

ಚಿಕ್ಕೇರೂರಿನಲ್ಲಿ ಯಾರೇ ಹಗೇವು ತೆರೆದರೂ ಶಂಕ್ರವ್ವನಿಗೆ ಕರೆ ಹೋಗುತ್ತದೆ. ನೆಲದಡಿಯ ಆ ಜೋಳದ ಗುಂಡಿಗೆ ಅವಳ ದೀಪ ಇಳಿಯದೆ ಮನುಷ್ಯರು ಇಳಿಯುವಂತಿಲ್ಲ. ಈ ಸಲ ತೆರೆದದ್ದು ಅವಳದೇ ಅಂಗಳದ ಹಗೇವು. ಅವಳು ಎಣ್ಣೆ ಹಾಕಿ ದೀಪ ತರುವಷ್ಟರಲ್ಲಿ ಅಳಿಯ ಮೈಲಾರಿ ಮೊಬೈಲಿನ ಬೆಳಕು ಹಿಡಿದು ಸೊಂಟದವರೆಗೆ ಇಳಿದಿದ್ದ.

“ಬೆಳಕ ಐತಲ್ರೀ ಅತ್ತಿ, ತಳದ ತನಕ ಕಾಣಾಕತ್ತೈತಿ!”

ಹನ್ನೆರಡು ವರ್ಷ ಅಳಿಯನಿಗೆ ‘ಬರ್ರಿ, ಕುಂದರ್ರಿ’ ಎಂದೇ ಮಾತಾಡಿದ್ದ ಶಂಕ್ರವ್ವ, ಅಂಗಿ ಹಿಡಿದು ಜಗ್ಗಿದಳು. “ಮ್ಯಾಲ ಬಾರೋ ಹುಚ್ಚಪ್ಪ!”

ಆಮೇಲೆ ಹಗ್ಗ ಕಟ್ಟಿ ದೀಪ ಇಳಿಬಿಟ್ಟಳು. ಎರಡು ಮಾರು ಇಳಿಯುವುದರೊಳಗೆ ಕುಡಿ ಸಣ್ಣಗಾಗಿ, ನೀಲಿಯಾಗಿ, ಆರಿತು. ಗಾಳಿ ಸುಳಿದಿರಲಿಲ್ಲ. ಮೈಲಾರಿ ಕೈಯಲ್ಲಿದ್ದ ಮೊಬೈಲು ನೋಡಿದ. ಅದಿನ್ನೂ ಬೆಳಗುತ್ತಿತ್ತು.

“ಅದಕ್ಕ ಉಸಿರು ಬೇಕಾಗಂಗಿಲ್ಲ,” ಎಂದಳು ಶಂಕ್ರವ್ವ. “ಅದು ಉರೀತಿತ್ತು. ನೀ ಆರ್ತಿದ್ದಿ.”